ದಾಸರು ಮುಗಿಸದ ಸಬ್‌ಮರೀನ್ ಕಥೆ

ಬಸ್ಸಿಗೆ ಕಳಿಸಲು ಬಂದವರು ಬಸ್ಸು ಹೊರಟ ಮೇಲೆ ಮನೆಗೆ ಹೋಗುತ್ತಾರೆ. ಇದು ಲೋಕರೂಢಿ. ನಮ್ಮ ಹೊಸನಗರದ ಹರಿಕಥೆ ದಾಸರು ಮಾತ್ರ ಕಳಿಸಲು ಬಂದು ತಾವೂ ಬಸ್ಸು ಹತ್ತಿಬಿಡುತ್ತಿದ್ದರು. “ಮುಂದಿನ ಸ್ಟಾಪ್ ತನಕ ಬರ್ತೀನಿ ಮೇಷ್ಟ್ರೇ, ಮಾತು ಅರ್ಧ ಆಗಿದೆ” ಎನ್ನುತ್ತಿದ್ದರು. ಮುಂದಿನ ಸ್ಟಾಪಿನಲ್ಲೂ ಮಾತು ಅರ್ಧವೇ ಆಗಿರುತ್ತಿತ್ತು. ಕಂಡಕ್ಟರು ಗೊಣಗಿ ಇಳಿಸಿದ ಮೇಲೆ ಅವರು ಶಾಲನ್ನು ತಲೆಗೆ ಸುತ್ತಿಕೊಂಡು ಬಂದ ದಾರಿಯಲ್ಲೇ ಒಬ್ಬರೇ ನಡೆದು ಹೋಗುವುದು ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಬಸ್ಸಿನವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಅರವತ್ತರ ದಶಕದಲ್ಲಿ ನಾನು ಹೊಸನಗರದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಹಾರ್ಮೋನಿಯಂ ಒಂದಿಷ್ಟು ಬರುತ್ತಿತ್ತು. ಬರುತ್ತಿತ್ತು ಎನ್ನುವುದಕ್ಕಿಂತ, ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ದಾಸರ ಕಥೆಗೆ ಶ್ರುತಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ರಜೆ ಸಿಕ್ಕರೆ ಸಾಗರ, ತೀರ್ಥಹಳ್ಳಿ, ಅರಳಸುರಳಿ, ಹೆಗ್ಗೋಡು ಎಂದು ಪೆಟ್ಟಿಗೆ ಹೊತ್ತು ಅವರ ಹಿಂದೆ ಹೊರಡುತ್ತಿದ್ದೆ. ಆಳು ಉದ್ದ, ಮೈ ಸಣಕಲು, ಸ್ವರ ಮಾತ್ರ ಊರಗಲ. ಹೋಟೆಲಿಗೆ ಹೋದರೆ ಮೂರು ಮೇಜು ಖಾಲಿ ಇದ್ದರೂ ಜನ ಕೂತ ಮೇಜಿಗೇ ಹೋಗಿ, “ಸ್ವಲ್ಪ ಸರೀರಿ” ಎಂದು ಒತ್ತಿಕೊಂಡು ಕೂರುತ್ತಿದ್ದರು. ಗುರುತಿಲ್ಲದವರ ಉಪ್ಪಿಟ್ಟಿಗೆ ಸಕ್ಕರೆ ಬೇಕೋ ಬೇಡವೋ ಎಂದು ಇವರೇ ಸಪ್ಲೈಯರಿಗೆ ಹೇಳುತ್ತಿದ್ದರು. ಛತ್ರದ ಹಿಂಬದಿಯ ಒಂದು ಕೋಣೆಯಲ್ಲಿ ಅವರ ವಾಸ. ಆ ಕೋಣೆಗೆ ಹೋಗುವುದನ್ನು ಸಾಧ್ಯವಾದಷ್ಟು ತಡ ಮಾಡುವುದೇ ಅವರ ದಿನಚರಿ ಎಂದು ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾಯಿತು.

ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಊರೂರು ಕಥೆ ಮಾಡಿ ಬೆಳೆಸಿದ್ದರು. ಆ ಮಗ ಮೆಟ್ರಿಕ್ ಆದವನೇ ನೌಕಾದಳಕ್ಕೆ ಸೇರಿಬಿಟ್ಟ. “ಕಥೆ ಕೇಳಿ ಕೇಳಿ ಬೇಜಾರಾಗಿ ನೀರಿಗೆ ಬಿದ್ದ” ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ದಾಸರೂ ನಗುತ್ತಿದ್ದರು. ಒಂದು ಸಲ ಮಗ ಬರೆದ: ಅಪ್ಪಯ್ಯ, ನನ್ನನ್ನು ಸಬ್‌ಮರೀನ್ ಕೆಲಸಕ್ಕೆ ಆರಿಸಿದ್ದಾರೆ, ಕಲಿಯಲು ರಷ್ಯಾಕ್ಕೆ ಕಳಿಸುತ್ತಾರೆ, ಇನ್ನು ಮುಂದೆ ಎಲ್ಲಿದ್ದೇನೆ, ಏನು ಮಾಡುತ್ತೇನೆ ಎಂದು ಬರೆಯುವ ಹಾಗಿಲ್ಲ.

ಅಂದು ಸಂಜೆ ದಾಸರು ಶಾಲೆಗೆ ಬಂದರು. “ಮೇಷ್ಟ್ರೇ, ಈ ನೀರೊಳಗಿನ ಹಡಗು ಅಂದ್ರೆ ಎಂತದು? ಅದ್ರೊಳಗೆ ಜನ ಉಸಿರು ಹೇಗೆ ಬಿಡ್ತಾರೆ?” ಎಂದರು.

ನನಗೇನು ಗೊತ್ತು? ಅಮೆರಿಕದವರು ಶಾಲೆಗೆ ಪುಕ್ಕಟೆ ಕಳಿಸುತ್ತಿದ್ದ ಸಚಿತ್ರ ಪತ್ರಿಕೆಯೊಂದಿತ್ತು. ಹುಡುಗರ ಪುಸ್ತಕಕ್ಕೆ ರಟ್ಟು ಹಾಕಲು ಅದರ ನುಣುಪು ಕಾಗದ ಬಹಳ ಒಳ್ಳೆಯದು. ಆ ಕಟ್ಟು ತಡಕಿದಾಗ ಅಣುಶಕ್ತಿಯ ಸಬ್‌ಮರೀನೊಂದರ ಕಥೆ ಸಿಕ್ಕಿತು. ಅದರ ಹೆಸರಿಗೆ ನಮ್ಮ ಭಾಷೆಯಲ್ಲಿ ಚೇಳು ಎಂದರ್ಥ. ನಾನು ಓದಿ ಹೇಳಿದೆ, ದಾಸರು ಕಣ್ಣು ಮುಚ್ಚಿ ಕೇಳಿದರು. ಮತ್ತೆ ಓದಿಸಿದರು. ವಾರದ ಮೇಲೆ ಬಂದು, “ಇದನ್ನ ಕಥೆ ಮಾಡ್ತೀನಿ” ಎಂದರು.

“ಮಗ ರಷ್ಯಾದಲ್ಲಿ, ಅಪ್ಪ ಅಮೆರಿಕದಲ್ಲಿ. ಆ ಎರಡೂ ದೇಶಕ್ಕೆ ಜಗಳ, ಗೊತ್ತುಂಟಲ್ಲ ದಾಸ್ರೇ?” ಎಂದೆ.

“ನೀರಿಗೆಂತ ಜಾತಿ ಮೇಷ್ಟ್ರೇ. ಮುಳುಗೋರು ಎಲ್ಲ ಒಂದೇ ಕುಲ” ಎಂದರು.

ಆ ಕಥೆ ನಮ್ಮ ಮೂರು ತಾಲೂಕಿನಲ್ಲಿ ಓಡಿದ ಹಾಗೆ ಇನ್ಯಾವುದೂ ಓಡಲಿಲ್ಲ. ಮೊದಲು ಉಕ್ಕಿನ ಬೆನ್ನೆಲುಬು ಮಲಗಿಸುವುದು, ಅದಕ್ಕೆ ಪಕ್ಕೆಲುಬು ಜೋಡಿಸುವುದು, ಮೇಲೆ ಚರ್ಮ ಹೊದಿಸುವುದು. ಹೆರಿಗೆಯ ಮನೆಯ ವರ್ಣನೆಯಂತೆ ಅದನ್ನು ಹಾಡುತ್ತಿದ್ದರು. ಆಮೇಲೆ ಅಣುವಿನ ಕುಲುಮೆ. “ತಾಯಂದಿರೇ, ಸೌದೆ ಬೇಡ, ಊದುಕೊಳವೆ ಬೇಡ, ಹೊಗೆ ಇಲ್ಲ, ಗಾಳಿಯೂ ಬೇಡ! ಒಂದು ಸಲ ಅಣು ತುಂಬಿದ್ರೆ ವರ್ಷಗಟ್ಟಲೆ ಉರೀತದೆ!” ಎಂದಾಗ ಹೆಂಗಸರ ಸಾಲಿನಲ್ಲಿ ನಿಟ್ಟುಸಿರು ಕೇಳುತ್ತಿತ್ತು. ಹೆಗ್ಗೋಡಿನಲ್ಲಿ ಒಬ್ಬ ಅಜ್ಜಿ ನಡುವೆಯೇ ಕೂಗಿದರು: “ಆ ಒಲೆ ಎಲ್ಲಿ ಸಿಗ್ತು ದಾಸ್ರೇ? ಎಂಗಳ ಮನೆಗೂ ಒಂದು ತರ್ಸಿಕೊಡಿ!”

ಅದಕ್ಕಿಂತ ದಾಸರ ಮನಸ್ಸಿಗೆ ತಾಗಿದ ಭಾಗ ಇನ್ನೊಂದು. ಅದೇ ಹೆಸರಿನ ಹಳೆಯ ಸಬ್‌ಮರೀನೊಂದು ಮಹಾಯುದ್ಧದಲ್ಲಿ ಹೋದದ್ದು ಮರಳಿ ಬಂದಿರಲಿಲ್ಲ. ಹೊಸದಕ್ಕೆ ಆ ಹೆಸರೇ ಇಟ್ಟು, ಮುಳುಗಿದ ಆ ಕಪ್ತಾನನ ಮಗಳ ಕೈಯಿಂದಲೇ ನೀರಿಗೆ ಇಳಿಸಿದರು. ಆ ದೇಶದಲ್ಲಿ ಹಡಗು ಇಳಿಸುವಾಗ ಮದ್ಯದ ಬಾಟಲಿ ಒಡೆಯುವುದು ಪದ್ಧತಿ. ದಾಸರ ಕಥೆಯಲ್ಲಿ ಆಕೆ ತೆಂಗಿನಕಾಯಿ ಒಡೆಯುತ್ತಿದ್ದಳು. ಅರಳಸುರಳಿಯಲ್ಲಿ ಪೇಪರು ಓದುವ ಒಬ್ಬ ಎದ್ದು ನಿಂತು, “ಅವ್ರು ಒಡೆಯೋದು ಹೆಂಡದ ಬಾಟ್ಲಿ ಅಲ್ವಾ?” ಎಂದ. ದಾಸರು ಕೈಯಲ್ಲಿ ತಾಳ ಹಾಕುತ್ತಿದ್ದ ಚಿಟಿಕೆ ನಿಲ್ಲಿಸದೆ, “ಹೌದಪ್ಪ. ಬಾಟ್ಲಿ ನೀನು ಇಟ್ಕೋ, ನಂಗೆ ಕಾಯಿ ಸಾಕು” ಎಂದು ಮುಂದಕ್ಕೆ ಹೋದರು.

ಹಡಗಿನ ಒಳಗೆ ಅವರೊಬ್ಬ ಎಳೆಯ ನಾವಿಕನನ್ನು ಇಟ್ಟಿದ್ದರು. ಪತ್ರಿಕೆಯಲ್ಲಿ ಅಂಥವನಾರೂ ಇರಲಿಲ್ಲ. ಸೂರ್ಯನನ್ನು ಕಾಣದೆ ವಾರಗಟ್ಟಲೆ ಅಟ್ಲಾಂಟಿಕ್ ಸಮುದ್ರದ ಅಡಿಯಲ್ಲಿ ಹೋಗುತ್ತ ಅವನು, “ಅಪ್ಪಯ್ಯ, ಈಗ ಮೇಲೆ ಹಗಲೋ ರಾತ್ರಿಯೋ?” ಎಂದು ಕೇಳುತ್ತಿದ್ದ. ಅಮೆರಿಕದವ ಅಪ್ಪಯ್ಯ ಎನ್ನುತ್ತಾನೆಯೇ ಎಂದು ಯಾವ ಊರಿನಲ್ಲೂ ಯಾರೂ ಆಕ್ಷೇಪ ಎತ್ತಲಿಲ್ಲ. ಕೊನೆಯಲ್ಲಿ ಹಡಗು ಬಂದರಿಗೆ ಬರುತ್ತದೆ. ಕಟ್ಟೆಯ ಮೇಲೆ ಹೆಂಡಿರು ಮಕ್ಕಳು, ತಂದೆ ತಾಯಿ ಕಾದಿದ್ದಾರೆ. ಅವರು ಆರತಿ ಎತ್ತುತ್ತಾರೆ. ದಾಸರು ಮಂಗಳ ಹಾಡುತ್ತಾರೆ.

ಈ ಮಂಗಳದ ವಿಷಯ ಇಲ್ಲೇ ಹೇಳಬೇಕು. ಹರಿಕಥೆಯಲ್ಲಿ ಎಷ್ಟೇ ಯುದ್ಧ, ಎಷ್ಟೇ ಗೋಳು ಬರಲಿ, ಕೊನೆಗೆ ಒಳ್ಳೆಯದಾಗಿ, ಮಂಗಳ ಹಾಡಿ, ಆರತಿ ಆಗಬೇಕು. ಅಲ್ಲಿಯವರೆಗೆ ಕೂತವರು ಏಳುವಂತಿಲ್ಲ. ಸಾವಿನ ಹತ್ತಿರ ಕಥೆ ನಿಲ್ಲಿಸಿದರೆ ಆ ಸಾವು ಕೇಳಿದವರ ಹಿಂದೆ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ಶುರು ಮಾಡಿದವರೇ ಮುಗಿಸಬೇಕು, ಬೇರೆಯವರು ಹಾಡಿದರೆ ನಡೆಯದು. ದಾಸರು ಇದರಲ್ಲಿ ಎಷ್ಟು ಬಿಗಿ ಎಂದರೆ, ಒಮ್ಮೆ ಹುಲಿಕಲ್‌ನಲ್ಲಿ ಚಳಿಜ್ವರ ಬಂದು ಹಲ್ಲು ಕಟಕಟ ಎನ್ನುತ್ತಿದ್ದರೂ ಕಂಬಕ್ಕೆ ಒರಗಿ ಮಂಗಳ ಹಾಡಿಯೇ ಮಲಗಿದರು. “ಶುರು ಮಾಡ್ದವ್ನು ಜನರನ್ನ ಮನೆಗೆ ಮುಟ್ಟಿಸ್ಬೇಕು ಮೇಷ್ಟ್ರೇ. ಅರ್ಧ ದಾರೀಲಿ ಬಿಟ್ಟು ಬರೋಕೆ ನಾನೆಂತ ಬಸ್ಸಾ?” ಎಂದು ನಡುಗುತ್ತಲೇ ಹೇಳಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಮಗನ ಕಲಿಕೆ ಮುಗಿದು, ನಮ್ಮ ದೇಶ ಕೊಂಡ ಸಬ್‌ಮರೀನನ್ನು ಆಫ್ರಿಕಾ ಸುತ್ತಿ ತರುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂತು. ಅವನೂ ಅದರಲ್ಲೇ ಇರಬೇಕೆಂದು ಲೆಕ್ಕ ಹಾಕಿದೆವು. ಕಾಗದ ನಿಂತಿತ್ತು. ದಾಸರು ಶಾಲೆಯ ಭೂಪಟದಲ್ಲಿ ಆಫ್ರಿಕಾದ ಅಂಚನ್ನು ಬೆರಳಿನಿಂದ ಸವರಿ ಸವರಿ ಬಣ್ಣ ಹೋಗಿತ್ತು.

ಆಗಲೇ ತೀರ್ಥಹಳ್ಳಿಯ ಒಬ್ಬ ಜವಳಿ ಸಾಹುಕಾರರು ಹೊಸ ಅಂಗಡಿ ತೆರೆದರು. ಪ್ರಾರಂಭದ ಸಂಜೆಗೆ ಸಬ್‌ಮರೀನ್ ಕಥೆಯೇ ಆಗಬೇಕೆಂದು ಕರೆ ಬಂತು. ಮಳೆಗಾಲ ಹಿಡಿಯುವ ಹೊತ್ತು. ಮಧ್ಯಾಹ್ನ ಬಸ್ಸಿಳಿದು ನಾವು ಹೋಟೆಲಿನಲ್ಲಿ ಕೂತಿದ್ದೆವು. ದಾಸರು ಎಂದಿನಂತೆ ಯಾರದೋ ಮೇಜಿಗೆ ಒತ್ತಿಕೊಂಡು ದೋಸೆ ತಿನ್ನುತ್ತಿದ್ದರು. ರೇಡಿಯೋ ವಾರ್ತೆಯಲ್ಲಿ ಆ ಚೇಳಿನ ಹೆಸರು ಬಂತು. ಅಮೆರಿಕದ ಆ ಅಣು ಸಬ್‌ಮರೀನು ಮನೆಗೆ ಮರಳುವ ದಾರಿಯಲ್ಲಿ ಕಾಣೆಯಾಗಿದೆ, ಒಳಗಿದ್ದವರೆಲ್ಲ ಹೋಗಿರಬೇಕು, ಬರಬೇಕಾದ ದಿನ ಅವರ ಮನೆಯವರು ಬಂದರಿನಲ್ಲಿ ಕಾದಿದ್ದರು.

ದಾಸರು ನನ್ನ ಕಡೆ ತಿರುಗಿದರು. “ನಮ್ದೇನಾ ಮೇಷ್ಟ್ರೇ?” ಎಂದರು.

ನಮ್ಮದೇ ಎಂದೆ.

ಇವತ್ತು ಬೇರೆ ಕಥೆ ಮಾಡೋಣ ಎಂದು ನಾನು ಸಾಹುಕಾರರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಕೆಟ್ಟವರಲ್ಲ, ಗಾಬರಿ ಸ್ವಭಾವದವರು. “ಹ್ಯಾಂಡ್‌ಬಿಲ್ ಹಂಚಿ ಆಗಿದೆ ಮಾರಾಯ್ರೇ! ಸಾಗರದಿಂದ ಬೀಗರು ಬಂದು ಕೂತಿದಾರೆ. ಅಮೆರಿಕದಲ್ಲಿ ಮುಳುಗಿದ್ರೆ ನಮ್ಗೆಂತ?” ಎಂದರು. ದಾಸರು ನನ್ನ ತೋಳು ಹಿಡಿದು, “ಮಾಡ್ತೀನಿ ಬಿಡಿ” ಎಂದರು.

ಮಾಡಿದರು. ಅಂಥ ಕಥೆ ನಾನು ಮತ್ತೆ ಕೇಳಲಿಲ್ಲ. ಹೊಸ ಬಟ್ಟೆಯ ಗಂಜಿವಾಸನೆ ತುಂಬಿದ ಆ ಅಂಗಡಿಯಲ್ಲಿ ಉಕ್ಕಿನ ಬೆನ್ನೆಲುಬು ಮಲಗಿತು, ಮುಳುಗಿದ ಕಪ್ತಾನನ ಮಗಳು ಕಾಯಿ ಒಡೆದಳು, ಹೊಗೆಯಿಲ್ಲದ ಒಲೆ ಹೊತ್ತಿತು. ಎಳೆಯ ನಾವಿಕ ಅಪ್ಪಯ್ಯ ಎಂದ. ಕೊನೆಗೆ ಬಂದರಿನ ಕಟ್ಟೆಯ ಮೇಲೆ ಜನ ನಿಂತರು. ಸಾಹುಕಾರರು ಆರತಿ ತಟ್ಟೆಯಲ್ಲಿ ಕರ್ಪೂರ ಇಟ್ಟು ಮುಂದೆ ಬಂದರು. ನಾನು ಮಂಗಳದ ರಾಗ ಹಿಡಿದೆ. ದಾಸರು ಚಿಟಿಕೆಯನ್ನು ನೆಲದ ಮೇಲಿಟ್ಟರು.

“ಜನ ಕಾಯ್ತಾ ನಿಂತಿದಾರೆ. ಹಡಗು ಬಂದಿಲ್ಲ. ಕಥೆ ಇಲ್ಲಿಗೆ ನಿಂತಿದೆ” ಎಂದರು.

ಯಾರೂ ಏಳಲಿಲ್ಲ. ಏಳುವಂತಿಲ್ಲವಲ್ಲ. ಸಾಹುಕಾರರು ಮೆಲ್ಲನೆ, “ದಾಸ್ರೇ, ಮಂಗಳ?” ಎಂದರು. “ಬಂದ ಮೇಲೆ” ಎಂದರು ದಾಸರು. ನಾನು ಬಹಳ ಹೊತ್ತು ಒಂದೇ ಸ್ವರ ಹಿಡಿದು ಕೂತಿದ್ದೆ. ಆಮೇಲೆ ಬೀಗರಲ್ಲಿ ಒಬ್ಬರು ಎದ್ದರು, ಅವರ ಹಿಂದೆ ಎಲ್ಲರೂ ಎದ್ದರು. ಹೆಂಗಸರು ಮಕ್ಕಳ ಹಣೆ ಸವರಿಕೊಂಡು ಹೋದರು.

ಆ ಮಳೆಗಾಲ ಸಾಹುಕಾರರ ಅಂಗಡಿಗೆ ಗೆದ್ದಲು ಹತ್ತಿ ಎರಡು ಬೇಲು ಬಟ್ಟೆ ಹೋಯಿತು. ಹೊಸ ಗೋಡೆ, ಹಸಿ ಮರ, ತೀರ್ಥಹಳ್ಳಿಯ ಮಳೆ. ಗೆದ್ದಲು ಹತ್ತದೆ ಇದ್ದರೆ ಆಶ್ಚರ್ಯ. ಆದರೆ ಸುದ್ದಿ ಹಬ್ಬಿದ್ದು ಬೇರೆ ರೀತಿ. ಮಂಗಳ ಹಾಡದ ದಾಸರು ಎಂದು ಹೆಸರು ಬಿತ್ತು. ಗಣಪತಿ ಹಬ್ಬಕ್ಕೆ ಬರಬೇಕಾದ ಕರೆಗಳು ಬರಲಿಲ್ಲ. ನವರಾತ್ರಿಗೆ ಸಾಗರದವರು ಬೇರೆ ದಾಸರನ್ನು ಗೊತ್ತು ಮಾಡಿದರು. ಹೋಟೆಲಿನಲ್ಲಿ ಇವರು ಒತ್ತಿಕೊಂಡು ಕೂತರೆ ಮೊದಲೇ ಕೂತವರು ಕಾಫಿ ಬೇಗ ಬೇಗ ಕುಡಿದು ಏಳತೊಡಗಿದರು. ಮನುಷ್ಯರ ಸದ್ದಿಲ್ಲದೆ ಅರ್ಧ ದಿನ ಇರಲಾರದ ಮನುಷ್ಯ ಅವರು. ಆ ತಿಂಗಳುಗಳಲ್ಲಿ ನನಗೆ ಅವರ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

“ಸುಮ್ನೆ ಒಂದು ಮಂಗಳ ಹಾಡಿ ಮುಗಿಸಿ ದಾಸ್ರೇ. ಎರಡು ಸಾಲು. ಯಾರಪ್ಪನ ಗಂಟು ಹೋಗ್ತದೆ?” ಎಂದು ಗದರಿದೆ.

“ನನ್ನ ಮಗ ಇನ್ನೂ ನೀರಲ್ಲಿದಾನೆ” ಎಂದರು.

ಮಗನ ಬಗೆಗಿನ ಹೆದರಿಕೆ, ಅಷ್ಟೇ ಎಂದು ನಾನು ತಿಳಿದೆ. ಊರೂ ಹಾಗೆಯೇ ತಿಳಿಯಿತು. ಮಗನ ಸಬ್‌ಮರೀನು ದೇಶ ಮುಟ್ಟಿದ ಸುದ್ದಿ ಬಂತು. ಕಾರ್ತಿಕದಲ್ಲಿ ಮಗ ರಜೆಯ ಮೇಲೆ ಊರಿಗೂ ಬಂದ. ತಂದೆಯಷ್ಟೇ ಉದ್ದ, ಬಿಸಿಲು ಕಾಣದ ಬಿಳಿಚು ಮುಖ, ಮಾತು ಕಡಿಮೆ. ಎಷ್ಟು ದೊಡ್ಡ ಬಾಗಿಲಾದರೂ ಭುಜ ತಗ್ಗಿಸಿ ಅಡ್ಡವಾಗಿ ದಾಟುತ್ತಿದ್ದ. ತಮ್ಮದು ಅಣುವಿನದಲ್ಲ, ಆಗಾಗ ಮೂತಿ ಮೇಲಕ್ಕೆತ್ತಿ ಉಸಿರು ಎಳೆದುಕೊಳ್ಳುವಂಥದ್ದು ಎಂದು ಹೇಳಿದ. ದಾಸರಿಗೆ ಅದು ಬಹಳ ಹಿಡಿಸಿತು. “ಹಾಗಾದ್ರೆ ನಿಮ್ದೇ ವಾಸಿ. ಆಗಾಗ ಮೇಲೆ ಬರ್ಲೇಬೇಕು” ಎಂದರು. ಅಮೆರಿಕದ ಸಬ್‌ಮರೀನಿನ ಚೂರುಗಳು ಸಮುದ್ರದ ತಳದಲ್ಲಿ ಸಿಕ್ಕಿವೆ ಎಂಬ ವಾರ್ತೆ ಬಂದದ್ದೂ ಆಗಲೇ.

ಸಾಹುಕಾರರು ಕಾದು ಕೂತಿದ್ದರೆಂದು ಕಾಣುತ್ತದೆ. ತಾವೇ ತೀರ್ಥಹಳ್ಳಿಯಿಂದ ಬಂದು, ಹೊಸನಗರದ ದೇವಸ್ಥಾನದಲ್ಲಿ ತಮ್ಮ ಖರ್ಚಿನಲ್ಲೇ ಕಥೆ ಇಡಿಸಿದರು. “ಮಗ ಬಂದಾಯ್ತು. ನನ್ನ ಅಂಗಡೀದು ಒಂದು ಮಂಗಳ ಬಾಕಿ ಉಂಟು ದಾಸ್ರೇ, ಇವತ್ತು ಮುಗ್ಸಿಬಿಡಿ” ಎಂದು ಕೈಮುಗಿದರು. ಊರಿಗೂ ಅದು ಬೇಕಾಗಿತ್ತು. ಒಂದು ಸಲ ಮಂಗಳ ಆಗಿಬಿಟ್ಟರೆ ದಾಸರನ್ನು ಮತ್ತೆ ಕರೆಯಬಹುದು, ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಅಂದು ಸಂಜೆ ಹಿಂದೆಂದೂ ಸೇರದಷ್ಟು ಜನ ಸೇರಿದರು. ಮಗ ಮುಂದಿನ ಸಾಲಿನಲ್ಲಿ, ಸಾಹುಕಾರರ ಪಕ್ಕದಲ್ಲಿ, ಮೊಣಕಾಲು ಒತ್ತಾಗಿ ಮಡಚಿ ಕೂತ.

ಕಥೆ ಬಂದರಿನ ಕಟ್ಟೆಗೆ ಬಂತು. ದಾಸರು ಮಗನನ್ನು ನೋಡಿದರು. ಮುಖದಲ್ಲಿ ಸಂತೋಷ ಇತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಈಗ ಹಾಡುತ್ತಾರೆ ಎಂದು ರಾಗ ಹಿಡಿದೆ. ಮತ್ತೆ ಚಿಟಿಕೆ ನೆಲದ ಮೇಲೆ ಇಟ್ಟರು.

“ನನ್ನ ಮಗ ಬಂದ. ಈ ಕಟ್ಟೆ ಮೇಲೆ ನಿಂತೋರ ಮಕ್ಕಳು ಬರ್ಲಿಲ್ಲ. ಒಬ್ಬನ ಮಗ ಬಂದ ಅಂತ ಎಲ್ಲರ ಆರತಿ ಎತ್ತೋಕಾಗ್ತದಾ?”

ಸಾಹುಕಾರರು ಅಳುವ ಸ್ವರದಲ್ಲಿ, “ಅವ್ರು ಹೋಗಿ ಆಯ್ತಲ್ಲ ದಾಸ್ರೇ! ಚೂರು ಸಿಕ್ಕಿದೆ ಅಂತ ರೇಡಿಯೋದಲ್ಲೇ ಹೇಳಿದ್ರಲ್ಲ” ಎಂದರು.

“ಕಟ್ಟೆ ಮೇಲೆ ನಿಂತೋರಿಗೆ ರೇಡಿಯೋ ಸಾಕಾಗಲ್ಲ ಸಾಹುಕಾರ್ರೇ. ಅವ್ರು ಇನ್ನೂ ನಿಂತೇ ಇರ್ತಾರೆ. ನಾನು ಮಂಗಳ ಹಾಡಿದ್ರೆ, ಮನೆಗೆ ಹೋಗಿ ಅಂತ ಅವ್ರಿಗೆ ಹೇಳ್ದಂಗೆ. ನನ್ನ ಕೈಲಿ ಆಗಲ್ಲ.”

ಇಷ್ಟು ಹೇಳಿ ಜನರಿಗೆಲ್ಲ ಸಾಷ್ಟಾಂಗ ನಮಸ್ಕಾರ ಮಾಡಿದರು. ಅಲ್ಲಿಗೆ ಅವರ ವೃತ್ತಿ ಮುಗಿಯಿತು. ಅವರಿಗೂ ಅದು ಗೊತ್ತಿತ್ತು. ಬೇಕೆಂದಿದ್ದರೆ ಆ ಎರಡು ಸಾಲಿನಿಂದ ಮೂರು ತಾಲೂಕಿನ ಜನ ಅವರಿಗೆ ಮತ್ತೆ ಸಿಗುತ್ತಿದ್ದರು.

ಮಗ ಹೊರಡುವ ದಿನ ನಾನೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ದಾಸರು ಬಾಳೆಹಣ್ಣು ತರಲು ಅಂಗಡಿಗೆ ಹೋದಾಗ ನಾನು, “ನೀನಾದ್ರೂ ಹೇಳ್ಬಾರದಾಗಿತ್ತಾ? ಇನ್ನು ಯಾರು ಕರೀತಾರೆ ಅವ್ರನ್ನ?” ಎಂದೆ.

ಅವನು ಅಂಗಡಿಯ ಕಡೆ ನೋಡಿದ. “ಹೇಳ್ಬಹುದಿತ್ತು ಮೇಷ್ಟ್ರೇ. ಆದ್ರೆ ಒಂದು ಮಾತು. ಕೆಳಗಿದ್ದಾಗ ಮೇಲಿಂದು ಏನೂ ಗೊತ್ತಾಗಲ್ಲ. ಸುದ್ದಿ ಇಲ್ಲ, ಕಾಗದ ಇಲ್ಲ. ಒಬ್ರು ಕಾಯ್ತಾ ಕೂತಿದಾರೆ ಅಂತ ಗೊತ್ತಿದ್ರೆ ಸಾಕು, ಹೊತ್ತು ಹೋಗ್ತದೆ. ಅಪ್ಪಯ್ಯ ಏಳೋರಲ್ಲ ಅಂತ ನಂಗೆ ಮೊನ್ನೆ ಖಾತ್ರಿ ಆಯ್ತು” ಎಂದ.

ದಾಸರು ಹಣ್ಣಿನ ಸಮೇತ ಬಸ್ಸು ಹತ್ತಿದರು. ಸಂಜೆಯ ಹೊತ್ತಿಗೆ ನಡೆದುಕೊಂಡು ವಾಪಸು ಬಂದರು. ಅಂದು ಎಷ್ಟು ಸ್ಟಾಪ್ ಹೋಗಿದ್ದರೆಂದು ನಾನು ಕೇಳಲಿಲ್ಲ.

ಮುಂದೆ ಅವರು ಕಥೆ ಮಾಡಲಿಲ್ಲ. ನಾಲ್ಕಾರು ಮಕ್ಕಳಿಗೆ ದೇವರನಾಮ ಹೇಳಿಕೊಟ್ಟರು, ಅವೂ ಒಂದೊಂದಾಗಿ ಬಿಟ್ಟವು. ಸಂಜೆ ಕೋಣೆಯ ಮುಂದಿನ ಜಗಲಿಯಲ್ಲಿ ರಸ್ತೆ ನೋಡುತ್ತ ಕೂರುತ್ತಿದ್ದರು. ನಾನು ಶಾಲೆ ಬಿಟ್ಟು ಆ ದಾರಿಯಲ್ಲಿ ಹೋದರೆ, “ಎಂತ ಮೇಷ್ಟ್ರೇ, ಬಂದ್ರಾ? ಕೂತ್ಕೊಳಿ” ಎನ್ನುತ್ತಿದ್ದರು. ಎಷ್ಟೋ ದಿನ ಕೂರುತ್ತಿದ್ದೆ. ಹೇಳಿಕೊಳ್ಳುವಂಥ ಮಾತೇನೂ ಇರುತ್ತಿರಲಿಲ್ಲ.

ಮರುವರ್ಷ ಮಳೆಗಾಲ ಮುಗಿಯುವಾಗ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟರು. ಮಗನಿಗೆ ಬೊಂಬಾಯಿಯ ವಿಳಾಸಕ್ಕೆ ತಂತಿ ಕೊಟ್ಟೆವು. ಹಡಗು ಸಮುದ್ರದಲ್ಲಿದೆ, ಮರಳಿದ ಮೇಲೆ ತಿಳಿಸುತ್ತೇವೆ ಎಂದು ಉತ್ತರ ಬಂತು. ಕಾಯುವಂತಿರಲಿಲ್ಲ. ಊರವರೇ ಸೇರಿ ಸಂಸ್ಕಾರ ಮಾಡಿದೆವು. ತೀರ್ಥಹಳ್ಳಿಯ ಸಾಹುಕಾರರು ಹೊಸ ಪಂಚೆ ತಂದು ಹೊದಿಸಿ, ಕೊನೆಯ ಬಸ್ಸಿಗೆ ಹೋದರು.

ಮಾರನೆಯ ಸಂಜೆ ಶಾಲೆ ಬಿಟ್ಟವನು ಛತ್ರದ ಹಿಂಬದಿಗೆ ಹೋಗಿ ಆ ಜಗಲಿಯಲ್ಲಿ ಕೂತೆ. ಯೋಚಿಸಿ ಹೋದದ್ದಲ್ಲ, ಕಾಲು ಹೋಯಿತು. ಕೂತ ಮೇಲೆ ಹೊಳೆಯಿತು. ಆ ಹುಡುಗ ಎಲ್ಲಿಯೋ ನೀರಿನ ಅಡಿಯಲ್ಲಿದ್ದಾನೆ. ಅವನಿಗೆ ಗೊತ್ತಿಲ್ಲ. ಅಪ್ಪಯ್ಯ ಕೂತಿದ್ದಾರೆ ಎಂದುಕೊಂಡು ಹೊತ್ತು ಕಳೆಯುತ್ತಿದ್ದಾನೆ. ಇಲ್ಲಿ ಜಗಲಿ ಖಾಲಿ ಇದೆ. ನನಗೆ ತಡೆಯಲಾಗದಷ್ಟು ಅಳು ಬಂತು.

ಮರುದಿನವೂ ಹೋದೆ. ಅದರ ಮರುದಿನವೂ. ನನ್ನ ಹೆಂಡತಿ ಒಂದು ವಾರ ನೋಡಿ ಕೊನೆಗೆ, “ದಿನಾ ಅಲ್ಲಿಗೆ ಹೋಗಿ ಕೂರ್ತೀರಲ್ಲ, ಅಲ್ಲಿ ಯಾರಿದಾರೆ?” ಎಂದಳು.

“ಯಾರೂ ಇಲ್ಲ. ಅದಕ್ಕೇ” ಎಂದೆ.

ದೀಪ ಹಚ್ಚುವವರೆಗೆ ಕೂತು ಬರುತ್ತಿದ್ದೆ. ಕಡೆಗೊಂದು ದಿನ ಪಾಠದ ನಡುವೆ ಅಂಚೆಯವ ತಂತಿ ತಂದು ಕೊಟ್ಟ. ಹಡಗು ದಡಕ್ಕೆ ಬಂದಿದೆ, ಸುದ್ದಿ ತಿಳಿಯಿತು, ಹೊರಟಿದ್ದೇನೆ ಎಂದು ಮಗ ತಿಳಿಸಿದ್ದ.

ಆ ಸಂಜೆ ಶಾಲೆಯಿಂದ ನೇರ ಮನೆಗೆ ಹೋದೆ.